ಅಕ್ಕೋರು ಮತ್ತು ನೀಲಿ ಡ್ರಮ್

ಸಮುದಾಯ ಆರೋಗ್ಯದ ನಮ್ಮ ಕೋರ್ಸಿನಲ್ಲಿ ಎಷ್ಟು ಪೇಪರ್ ಇದ್ದವು, ಯಾವುದಕ್ಕೆ ಎಷ್ಟು ಮಾರ್ಕ್ಸ್, ಈಗ ಕೇಳಿದರೆ ಹೇಳಲಾರೆ. ಅಕ್ಕೋರು ಬೈದದ್ದು ಮಾತ್ರ ಒಂದೂ ಮರೆತಿಲ್ಲ. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ನಾಲ್ಕು ಪುಟವಾದರೂ ಬೇಕು ಅಂದೆ. ಒಂದು ಕೊಟ್ಟಿದ್ದಾರೆ.

ಅಕ್ಕೋರು ಧಾರವಾಡದ ಕಡೆಯವರು. ಮುಂಬಯಿಯಲ್ಲಿ ನರ್ಸ್ ಆಗಿದ್ದು ರಿಟೈರ್ ಆದ ಮೇಲೆ ನಮಗೆ ಕಲಿಸಲು ಬಂದರು. ಕ್ಲಾಸಿನಲ್ಲಿ ಮರಾಠಿ, ತಮಿಳು, ಯುಪಿಯ ಹುಡುಗಿಯರೂ ಇದ್ದದ್ದರಿಂದ ಪಾಠ ಹಿಂದಿಯಲ್ಲಿ. ಬೈಯುವುದು ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಅರ್ಥವಾಗುತ್ತಿದ್ದದ್ದು ನಾವು ಕೆಲವರಿಗೆ. ಉಳಿದವರು ಅದನ್ನು ಆಶೀರ್ವಾದ ಅಂತ ತಿಳಿದು ತಲೆಯಾಡಿಸುತ್ತಿದ್ದರು.

ಧಾರಾವಿಯ 90 ಫೀಟ್ ರೋಡಿನ ಹಿಂದಿನ ಗಲ್ಲಿಗೆ ಡೆಂಗಿ ಬಗ್ಗೆ ಹೇಳಲು ಹೋಗಿದ್ದೆವು. ನಮ್ಮ ಕ್ಲಾಸಿನ ಜಾಣೆ ಫ್ಲಿಪ್ ಚಾರ್ಟ್ ಬಿಚ್ಚಿ ಶುರು ಮಾಡಿದಳು: ವಾರಕ್ಕೊಮ್ಮೆ ಡ್ರಮ್ ಪೂರ್ತಿ ಖಾಲಿ ಮಾಡಿ, ಒಣಗಿಸಿ. ನಾನು ಹಿಂದೆ ನಿಂತಿದ್ದೆ, ನನ್ನ ಪುಣ್ಯ. ಆ ಮನೆಯಾಕೆ ಕಲಬುರಗಿಯವಳು. ಬಾಗಿಲ ಪಕ್ಕದ ನೀಲಿ ಡ್ರಮ್ಮಿನ ಮೇಲೆ ಕೈಯಿಟ್ಟು, “ನಾಳಿಗಿ ನೀರು ಬರ್ಲಿಲ್ಲಂದ್ರ ನಿಮ್ಮನಿಗಿ ಬರ್ಲೇನವ್ವಾ?” ಅಂತ ಕೇಳಿದಳು. ಜಾಣೆ ಚಾರ್ಟ್ ಮಡಚಿದಳು.

ಅಕ್ಕೋರು ಅಲ್ಲೇನೂ ಅನ್ನಲಿಲ್ಲ. ಗಲ್ಲಿಯ ತುದಿಗೆ ಬಂದ ಮೇಲೆ ಸಿಡಿದರು. “ಮೊದಲ ನೀರು ಎಷ್ಟೊತ್ತಿಗೆ ಬರ್ತದಂತ ಕೇಳ್ಬೇಕು. ಆಮ್ಯಾಲೆ ನಿಮ್ಮ ಡೆಂಗಿ!”

ಮರುದಿನ ಬೆಳಗಿನ ಜಾವ, ಇನ್ನೂ ಕತ್ತಲೆ ಇರುವಾಗಲೇ, ನಮ್ಮನ್ನೆಲ್ಲ ಅದೇ ಗಲ್ಲಿಯ ನಲ್ಲಿ ಮುಂದೆ ನಿಲ್ಲಿಸಿದರು. ನೀರು ಬರುವುದಕ್ಕೆ ಅರ್ಧ ಗಂಟೆ ಮೊದಲು ಡ್ರಮ್ಮಿನಲ್ಲಿ ತಳ ಮಾತ್ರ ಇರುತ್ತದೆ. ಅಕ್ಕೋರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕಲಬುರಗಿಯಾಕೆಯ ಡ್ರಮ್ ವಾಲಿಸಿ, ಉಳಿದ ನೀರನ್ನು ಕೊಡಕ್ಕೆ ಬಗ್ಗಿಸಿದರು. ಒಂದು ಹನಿ ಚೆಲ್ಲಲಿಲ್ಲ. ಆಮೇಲೆ ತೆಂಗಿನ ನಾರು ಹಿಡಿದು ಡ್ರಮ್ಮಿನ ಒಳಮೈ ತಿಕ್ಕಿದರು. ಡೆಂಗಿ ಸೊಳ್ಳೆಯ ಮೊಟ್ಟೆ ನೀರಿನಲ್ಲಿ ತೇಲುವುದಿಲ್ಲ, ನೀರಿನ ಗೆರೆಯ ಸ್ವಲ್ಪ ಮೇಲೆ ಗೋಡೆಗೆ ಅಂಟಿರುತ್ತದೆ. ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ಸುಮ್ನೆ ನೀರು ಚೆಲ್ಲಿ ತುಂಬಿಸಿದರೆ ಮತ್ತೆ ಮರಿಯಾಗುತ್ತದೆ. ತಿಕ್ಕಲೇಬೇಕು. ತುಂಬಿದ ಮೇಲೆ ಹಳೆಯ ಸೀರೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಕಟ್ಟಿದರು. ಆಮೇಲೆ ನಮ್ಮ ಕೈಗೂ ನಾರು ಕೊಟ್ಟರು. ಆ ದಿನ ಗಲ್ಲಿಯಲ್ಲಿ ನಮಗೆ ಸಿಕ್ಕ ಚಹಾಕ್ಕೆ ಲೆಕ್ಕವಿಲ್ಲ.

ಟಿಬಿ ಕಲಿಸುತ್ತಿದ್ದ ಸರ್ ಬೇರೆ ತರಹದವರು, ಮಾತು ಕಡಿಮೆ. ಆಗ ಡಾಟ್ಸ್ ಅನ್ನುವ ಟಿಬಿ ಚಿಕಿತ್ಸೆಯ ಮಾತ್ರೆ ವಾರಕ್ಕೆ ಮೂರು ದಿನ ಇತ್ತು, ದಿನಾ ಕೊಡುವ ಪದ್ಧತಿ ಬಂದದ್ದು 2017ರಲ್ಲಿ. ಶುರುವಿನ ತಿಂಗಳುಗಳಲ್ಲಿ ನಮ್ಮ ಕಣ್ಣೆದುರೇ ನುಂಗಿಸಬೇಕಿತ್ತು. “ನುಂಗಿದೆ ಅಂತಾರೆ, ನಂಬಬೇಡಿ. ಉಚ್ಚೆಯ ಬಣ್ಣ ಕೇಳಿ” ಅನ್ನುತ್ತಿದ್ದರು. ಆ ಮಾತ್ರೆಯಲ್ಲಿನ ರಿಫಾಂಪಿಸಿನ್ ಔಷಧ ಹೊಟ್ಟೆಗೆ ಹೋದರೆ ಕಿತ್ತಳೆ ಬಣ್ಣ ಬರುತ್ತದೆ. ನಾವು ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕಿದ್ದೆವು. ಆಮೇಲೆ ಅದನ್ನೇ ಎಷ್ಟು ಗಂಡಸರನ್ನು ಕೇಳಿದ್ದೇನೋ!

ಈಗ ನಮ್ಮ ಕಿತಾಪತಿ. ಪಲ್ಸ್ ಪೋಲಿಯೊ ವಾರ. ಭಾನುವಾರ ಬೂತ್, ಆಮೇಲೆ ಮನೆ ಮನೆ. ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ‘ಪಿ’. ಮಗು ತಪ್ಪಿಹೋಗಿದ್ದರೆ, ಬೀಗ ಇದ್ದರೆ ‘ಎಕ್ಸ್’, ಅಂದರೆ ಮತ್ತೆ ಬರಬೇಕು. ಜೊತೆಗೆ ತಾರೀಖು, ಟೀಮ್ ನಂಬರ್, ಮುಂದೆ ಹೋದ ದಿಕ್ಕಿಗೆ ಬಾಣ. ಆಗಿನ ಪ್ರಿನ್ಸಿಪಾಲರು ಎಸಿ ಕ್ಯಾಬಿನ್ ಬಿಟ್ಟು ಫೀಲ್ಡಿಗೆ ಬಂದವರೇ ಅಲ್ಲ. ಅವರ ಬಾಗಿಲಿಗೆ ನಾವು ದೊಡ್ಡದೊಂದು ‘ಎಕ್ಸ್’ ಬರೆದೆವು. ಟೀಮ್ ನಂಬರ್ ಸಮೇತ! ಪ್ರಿನ್ಸಿಪಾಲರಿಗೆ ತಲೆಬುಡ ತಿಳಿಯಲಿಲ್ಲ. ಅಕ್ಕೋರನ್ನು ಕರೆಸಿದರು. ಅವರು ಒಂಚೂರೂ ನಗದೆ, ಒಳಗೆ ಹನಿ ಬೀಳದ ಮಗು ಇದೆ ಅಂತ ಅರ್ಥ, ಮತ್ತೆ ಬರುತ್ತಾರೆ, ಅಂದರಂತೆ. ಹೊರಗೆ ಬಂದು ನಮ್ಮನ್ನು ಸಾಲಾಗಿ ನಿಲ್ಲಿಸಿ, “ಬಾಣ ಯಾಕ ಉಲ್ಟಾ ಹಾಕೀರಿ?” ಅಂತ ಬೈದರು.

ದೇಶದ ಕೊನೆಯ ಪೋಲಿಯೊ ಕೇಸ್ 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಅಂತ ಸರ್ಟಿಫಿಕೇಟ್ ಬಂತು. ಅದರಲ್ಲಿ ನನ್ನ ಸೀಮೆಸುಣ್ಣಕ್ಕೂ ಪಾಲಿದೆ ಅಂತ ಇಡೀ ಚಾಳಿಗೆ ಹೇಳಿಕೊಂಡು ತಿರುಗಿದ್ದೇನೆ. ಸುಳ್ಳೇನಲ್ಲವಲ್ಲ!

2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೋನಾ ಕೇಸ್ ಸಿಕ್ಕಿತು. ಆಮೇಲೆ ಆಕ್ಸಿಮೀಟರ್ ಹಿಡಿದು ಹೋದವರಿಗೆ ಎಷ್ಟೋ ಕಡೆ ಬಾಗಿಲೇ ತೆರೆಯಲಿಲ್ಲ. ನನಗೆ ತೆರೆದರು. ನೀರು ಬರುವ ಹೊತ್ತಿಗೆ ನಾನು ಯಾರ ಬಾಗಿಲನ್ನೂ ತಟ್ಟುವುದಿಲ್ಲ, ಅದು ಅವರಿಗೆ ಗೊತ್ತು.

ಹೋದ ವರ್ಷ ಹೊಸ ಬ್ಯಾಚ್ ನೋಡಲು ಕರೆದಿದ್ದರು. ಹುಡುಗಿಯರು ಚುರುಕಾಗಿದ್ದಾರೆ, ಇಂಗ್ಲಿಷ್ ನಮಗಿಂತ ಎಷ್ಟೋ ಚೆನ್ನಾಗಿದೆ. ಆದರೆ ಮನೆ ಭೇಟಿ ಕಲಿಯುವುದು ಹಾಲ್‌ನಲ್ಲಿ, ಒಬ್ಬಳು ಗೃಹಿಣಿ, ಒಬ್ಬಳು ಕಾರ್ಯಕರ್ತೆ. ಗೃಹಿಣಿ ಎಲ್ಲದಕ್ಕೂ “ಹೂಂ” ಅನ್ನುತ್ತಾಳೆ. ಅಂಥ ಗೃಹಿಣಿ ನನಗೆ ಧಾರಾವಿಯಲ್ಲಿ ಇದುವರೆಗೂ ಸಿಕ್ಕಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ‘ಡ್ರಮ್ ಮುಚ್ಚಿದೆಯೇ’ ಅಂತ ಒಂದು ಪ್ರಶ್ನೆ. ಹೌದು, ಇಲ್ಲ, ಅಷ್ಟೇ. ಮೇಲಿನವರಿಗೆ ಜಾಸ್ತಿ ಬೇಕಿರುವುದೂ ಅದೇ ಅಲ್ವಾ?

ಈಗಿನ ಪ್ರಿನ್ಸಿಪಾಲ್ ಮೇಡಂ ಹತ್ತಿರ ಒಂದು ಮಾತು. ಮುಂದಿನ ಬ್ಯಾಚನ್ನು ವಾರಕ್ಕೊಂದು ಬೆಳಗ್ಗೆ ನನ್ನ ಜೊತೆ ಗಲ್ಲಿಗೆ ಕಳಿಸಿ. ಸಂಬಳ ಬೇಡ. ನಾರು ಕಾಲೇಜಿನವರೇ ತರಲಿ.