ನೂರು ಕಾರಿಗೆ ಎಷ್ಟು ದೂರು?

ಜೆ.ಡಿ. ಪವರ್ ಸಂಸ್ಥೆ ಅಮೆರಿಕದಲ್ಲಿ ಪ್ರತಿವರ್ಷ ಮಾಡುವ ಇನಿಶಿಯಲ್ ಕ್ವಾಲಿಟಿ ಸಮೀಕ್ಷೆಯಲ್ಲಿ ಕಂಪನಿಗಳ ಮುಂದೆ ಒಂದೊಂದು ಅಂಕಿ ಇರುತ್ತದೆ. ಕಾರು ಕೊಂಡ ಮೊದಲ 90 ದಿನಗಳಲ್ಲಿ 100 ಕಾರಿಗೆ ಎಷ್ಟು ದೂರು ಬಂತು ಎಂಬ ಲೆಕ್ಕ ಅದು. ಭಾಗ ಕೆಟ್ಟುಹೋದರೂ ಒಂದು ದೂರು, ಬಳಸೋದು ಕಷ್ಟ ಅನ್ನಿಸಿದರೂ ಒಂದು ದೂರು. ಮೊತ್ತದಲ್ಲಿ ಎರಡಕ್ಕೂ ಒಂದೇ ತೂಕ.

ಇದರ ಪೆಟ್ಟು ಎಂಥದ್ದು ಅಂತ 2011ರ ಫೋರ್ಡ್ ನೋಡಿದರೆ ಗೊತ್ತಾಗುತ್ತದೆ. ಹಿಂದಿನ ವರ್ಷ 5ನೇ ಸ್ಥಾನದಲ್ಲಿದ್ದದ್ದು ಒಮ್ಮೆಗೇ 23ಕ್ಕೆ ಇಳಿಯಿತು. ಮುಖ್ಯವಾಗಿ ದೂರು ಎರಡು ಕಡೆಯಿಂದ ಬಂದಿತ್ತು. ಒಂದು, ಮೈಫೋರ್ಡ್ ಟಚ್ ಪರದೆ: ಮುಟ್ಟಿದರೆ ತಡವಾಗಿ ಎಚ್ಚರಾಗೋದು, ನಡುದಾರಿಯಲ್ಲಿ ಹ್ಯಾಂಗ್ ಆಗೋದು. ಇನ್ನೊಂದು, ತಾನೇ ಗೇರ್ ಬದಲಿಸುವ ಪವರ್‌ಶಿಫ್ಟ್ ಗೇರ್‌ಬಾಕ್ಸ್. ಇದರಲ್ಲಿ ಆಯಿಲ್ ಸ್ನಾನವಿಲ್ಲದ ಎರಡು ಒಣ ಕ್ಲಚ್. ಇನ್‌ಪುಟ್ ಶಾಫ್ಟಿನ ಸೀಲ್ ಸೋರಿ ಆಯಿಲ್ ಕ್ಲಚ್ ಪ್ಲೇಟಿಗೆ ತಾಗಿದರೆ ಹಿಡಿತ ತಪ್ಪುತ್ತದೆ, ನಿಧಾನದ ಟ್ರಾಫಿಕ್ಕಿನಲ್ಲಿ ಕಾರು ನಡುಗುತ್ತದೆ. ಪರದೆಗೆ ಫೋರ್ಡ್ 2012ರಲ್ಲಿ ಹೊಸ ಸಾಫ್ಟ್‌ವೇರನ್ನು ಯುಎಸ್‌ಬಿ ಸ್ಟಿಕ್ಕಿನಲ್ಲಿ ಹಾಕಿ ಅಂಚೆಯಲ್ಲೇ ಮನೆಮನೆಗೆ ಕಳಿಸಿತು. ಗೇರ್‌ಬಾಕ್ಸ್ ಅಷ್ಟಕ್ಕೆ ಬಗ್ಗಲಿಲ್ಲ. 2014ರಲ್ಲಿ ಸೀಲ್ ಮತ್ತು ಕ್ಲಚ್ಚಿನ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೆ ಹಿಗ್ಗಿಸಬೇಕಾಯಿತು. 23ನೇ ಸ್ಥಾನ ಎಂಬ ಒಂದೇ ಅಂಕಿಯೊಳಗೆ ಈ ಎರಡೂ ಬೆರೆತು ಕೂತಿದ್ದವು.

ತೃಪ್ತಿಯ ಪ್ರಶ್ನೆ ಕೇಳಿದರೆ ಚಿತ್ರ ತಿರುವುಮುರುವು. 2015ರ ಅಕ್ಟೋಬರಿನಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಟೆಸ್ಲಾ ಮಾಡೆಲ್ ಎಸ್ ಕಾರಿಗೆ ಕೊಟ್ಟಿದ್ದ ಶಿಫಾರಸನ್ನು ವಾಪಸ್ ಪಡೆಯಿತು. ಡ್ರೈವ್‌ಟ್ರೇನ್ (ಚಕ್ರಕ್ಕೆ ಶಕ್ತಿ ತಲುಪಿಸುವ ಭಾಗಗಳು), ಚಾರ್ಜಿಂಗ್ ಸಲಕರಣೆ, ಸೋರುವ ಸನ್‌ರೂಫ್ ಎಲ್ಲದರ ದೂರೂ ಬಂದಿತ್ತು. ಅದೇ ಮಾಲೀಕರಲ್ಲಿ ಶೇ. 97 ಮಂದಿ ಮತ್ತೆ ಟೆಸ್ಲಾವನ್ನೇ ಕೊಳ್ಳುತ್ತೇವೆ ಎಂದಿದ್ದರು. ಕೆಟ್ಟದ್ದನ್ನು ವಾರಂಟಿಯಲ್ಲಿ ಬೇಗ ಬದಲಿಸಿಕೊಟ್ಟರೆ ಮನಸ್ಸು ಕೆಡುವುದಿಲ್ಲ.

ಆ ಕಾರು ತಯಾರಾದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಯಲ್ಲೇ ಹಿಂದೆ ಟೊಯೋಟಾ ಕೊರೊಲ್ಲಾ, ಜನರಲ್ ಮೋಟರ್ಸ್‌ನ ಜಿಯೋ ಪ್ರಿಜ್ಮ್ ಎರಡೂ ಒಟ್ಟಿಗೆ ತಯಾರಾಗುತ್ತಿದ್ದವು. ಒಳಗೆ ಹೆಚ್ಚುಕಡಿಮೆ ಒಂದೇ ಕಾರು. ಆದರೂ ಸೆಕೆಂಡ್ ಹ್ಯಾಂಡ್ ಮಾರುವಾಗ ಪ್ರಿಜ್ಮ್‌ಗೆ ಕಡಿಮೆ ಬೆಲೆ. ಬ್ಯಾಡ್ಜ್, ಅಂದರೆ ಕಾರಿನ ಮೇಲಿನ ಕಂಪನಿ ಹೆಸರು, ಹೀಗೂ ಕೆಲಸ ಮಾಡುತ್ತದೆ.

ನಮ್ಮ ಬಿಡದಿಯಿಂದಲೂ 2022ರಲ್ಲಿ ಅಂಥದೇ ಜೋಡಿ ಹೊರಟಿತು: ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ. ಆಗ ಟೊಯೋಟಾದ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಮಾರುತಿಯದು 2 ವರ್ಷ ಅಥವಾ 40,000 ಕಿ.ಮೀ. ಮೂರನೇ ವರ್ಷದಲ್ಲಿ ಎರಡರಲ್ಲೂ ಒಂದೇ ಭಾಗ ಕೆಟ್ಟಿತು ಅಂತಿಟ್ಟುಕೊಳ್ಳಿ. ಜೇಬಿನಿಂದ ದುಡ್ಡು ಹೋದವರು ಸಮೀಕ್ಷೆಯಲ್ಲಿ ಬರೆಯುವ ಉತ್ತರ ಬೇರೆಯೇ ಆಗಿರುತ್ತದೆ.

ಹಾಗಾಗಿ ಕಾರು ಕೊಳ್ಳುವ ಮುನ್ನ ಒಟ್ಟು ಅಂಕಿ ಬಿಟ್ಟು ವಿಭಾಗವಾರು ಅಂಕಿ ಹುಡುಕಿ. ಇನ್ಫೋಟೈನ್‌ಮೆಂಟ್ (ಪರದೆ, ಆಡಿಯೋ, ಫೋನ್ ಜೋಡಣೆ) ದೂರುಗಳನ್ನು ಪಕ್ಕಕ್ಕಿಟ್ಟು ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್, ಎಲೆಕ್ಟ್ರಿಕಲ್ ಮಾತ್ರ ನೋಡಿ. 90 ದಿನದಲ್ಲಿ ಕಾಣುವುದು ಬ್ಲೂಟೂತ್, ಕಿರಗುಟ್ಟುವ ಡ್ಯಾಶ್‌ಬೋರ್ಡ್, ಬಾಗಿಲ ಸಂದಿಯಿಂದ ಬರುವ ನೀರು. ಸಸ್ಪೆನ್ಷನ್ ಬುಷ್, ವೀಲ್ ಬೇರಿಂಗ್, ಕ್ಲಚ್ ಸವೆಯಲು ಅಷ್ಟು ದಿನ ಸಾಲದು. ಅದಕ್ಕೆ ಜೆ.ಡಿ. ಪವರ್‌ನದೇ 3 ವರ್ಷದ ಕಾರುಗಳ ಡಿಪೆಂಡೆಬಿಲಿಟಿ (ಬಾಳಿಕೆ) ಸಮೀಕ್ಷೆಯೇ ಬೇಕು. ಸೆಕೆಂಡ್ ಹ್ಯಾಂಡ್ ಆದರೆ ಸರ್ವಿಸ್ ಸೆಂಟರಿನ ಹಳೆಯ ಜಾಬ್ ಕಾರ್ಡುಗಳನ್ನೆಲ್ಲ (ಮಾಡಿದ ರಿಪೇರಿಯ ಚೀಟಿಗಳು) ಕೇಳಿ ತರಿಸಿಕೊಂಡು, ಒಂದೇ ಭಾಗ ಎರಡು ಸಲ ಬದಲಾಗಿದೆಯೇ, ವಾರಂಟಿಯಲ್ಲಿ ಬದಲಾದದ್ದು ಯಾವುದು ಅಂತ ಓಡೋಮೀಟರ್ ಅಂಕಿಯ ಜೊತೆ ಗುರುತು ಹಾಕಿಕೊಳ್ಳಿ.