ಮೊದಲು ನೀರು ಎಲ್ಲಿಗೆ ಹೋಗುತ್ತೆ ಹೇಳಿ

ಜೂನ್ 14, 2025, ಶನಿವಾರ
ಕುವೆಂಪುನಗರ, ಮೈಸೂರು

ಅಂಗಳದ ಹುಲ್ಲಿಗೆ ಹೊಸ ಅಂಚು ಕಟ್ಟಿಸೋಕೆ ಲ್ಯಾಂಡ್‌ಸ್ಕೇಪ್ ಕಂಪನಿಯವರ ಕೊಟೇಶನ್ ಕೊನೆಗೂ ಬಂತು. ಮೊದಲ ಪುಟದಲ್ಲಿ ನಮ್ಮ ಅಂಗಳದ ಬಣ್ಣದ ಚಿತ್ರ. ಚಿತ್ರದಲ್ಲಿ ಕರಿಬೇವಿನ ಗಿಡವೇ ಇಲ್ಲ. ಬಟ್ಟೆ ಒಣಗಿಸುವ ತಂತಿಯೂ ಮಾಯ. ಹುಲ್ಲಿನ ಸುತ್ತ ಗ್ರಾನೈಟ್ ಕರ್ಬ್, ರನ್ನಿಂಗ್ ಫೂಟ್ ಲೆಕ್ಕದಲ್ಲಿ. ಅದರ ಮೇಲೆ ಲೇಬರ್, ಅದರ ಮೇಲೆ ಜಿಎಸ್‌ಟಿ. ಜೊತೆಗೆ 'ಸೈಟ್ ಕ್ಲಿಯರೆನ್ಸ್' ಅಂತ ಬೇರೆ. ಅಂದರೆ ಮಾವನವರು ಹಾಕಿದ ಇಟ್ಟಿಗೆ ಸಾಲನ್ನು ಕಿತ್ತು ಎಸೆಯೋದಕ್ಕೂ ನಾವೇ ದುಡ್ಡು ಕೊಡಬೇಕು. ನಮ್ಮ ಯಜಮಾನರು ಕೊನೆ ಪುಟದ ಮೊತ್ತ ಮಾತ್ರ ನೋಡಿ ಫೋನ್ ವಾಪಸ್ ಕೊಟ್ಟರು. ಏನೂ ಮಾತಾಡಲಿಲ್ಲ. ಇವರು ಮಾತಾಡಲಿಲ್ಲ ಅಂದರೆ ಆ ವಿಷಯ ಅಲ್ಲಿಗೆ ಮುಗಿಯಿತು ಅಂತ.

ಆ ಇಟ್ಟಿಗೆ ಸಾಲು ನಮ್ಮ ಮನೆಗೆ ಬಂದವರಿಗೆಲ್ಲ ಗೊತ್ತು. ಒಂದಕ್ಕೊಂದು ಓರೆಯಾಗಿ ಒರಗಿಸಿ, ಅರ್ಧ ಹೂತು, ಮೇಲೆ ಹಲ್ಲು ಹಲ್ಲಾಗಿ ಕಾಣುವ ಅಂಚು. ಮೊದಲೆಲ್ಲ ಸರ್ಕಾರಿ ಬಂಗಲೆ, ರೈಲ್ವೆ ಕ್ವಾರ್ಟರ್ಸ್, ಶಾಲೆಯ ಧ್ವಜದ ಕಟ್ಟೆ, ಎಲ್ಲಿ ನೋಡಿದರೂ ಇದೇ. ಮಾವ ದಸರೆಗೆ ಮುಂಚೆ ಒಂದಕ್ಕೆ ಸುಣ್ಣ, ಒಂದಕ್ಕೆ ಕೆಮ್ಮಣ್ಣು ಅಂತ ಬಳಿಯುತ್ತಿದ್ದರು. ದಸರೆಯ ಕೈತೋಟ ಸ್ಪರ್ಧೆಯ ತೀರ್ಪುಗಾರರು ನಮ್ಮ ಬೀದಿ ಕಡೆ ತಲೆ ಹಾಕದಿದ್ದರೂ ಬಳಿಯುತ್ತಿದ್ದರು. ಈಗ ಅರ್ಧ ಇಟ್ಟಿಗೆ ಕುಸಿದಿವೆ, ಇನ್ನರ್ಧದ ಮೇಲೆ ಗರಿಕೆ ಹತ್ತಿ ಗುಲಾಬಿ ಬುಡಕ್ಕೆ ಇಳಿದಿದೆ.

ಪಕ್ಕದ ಮನೆ ಮೇಷ್ಟ್ರು ಹೇಳಿ ಕಳಿಸಿದ ಮೇಸ್ತ್ರಿ ಬೆಳಗ್ಗೆ ಬರುತ್ತೀನಿ ಅಂದವರು ಊಟ ಮುಗಿದ ಮೇಲೆ ಬಂದರು. ಕೈಯಲ್ಲಿ ಟೇಪಿಲ್ಲ, ಪುಸ್ತಕ ಇಲ್ಲ. ನಾನು ನೇರವಾಗಿ, "ಎಷ್ಟಾಗುತ್ತೆ ಮೇಸ್ತ್ರಿ?" ಅಂದೆ.

"ಅದಿರ್ಲಿ ಅಮ್ಮ. ಮಳೆ ನೀರು ಎಲ್ಲಿಗೆ ಹೋಯ್ತದೆ, ಅದ್ನ ಹೇಳಿ ಮೊದ್ಲು."

ನಾನು ಬಾಯಿ ತೆರೆಯುವ ಮೊದಲೇ ಒಂದು ಬಕೆಟ್ ನೀರು ಕೇಳಿದರು. ಮೆಟ್ಟಿಲ ಹತ್ತಿರ ನಿಧಾನಕ್ಕೆ ಸುರಿದರು. ಇಬ್ಬರೂ ನೋಡುತ್ತಾ ನಿಂತೆವು. ನೀರು ಗೇಟಿನ ಕಡೆಗೆ ಎರಡು ಗೇಣು ಹೋಯಿತು, ಏನೋ ಯೋಚನೆ ಮಾಡಿತು, ಆಮೇಲೆ ಎಡಕ್ಕೆ ತಿರುಗಿ ತುಳಸಿಕಟ್ಟೆ ಹಿಂದಿನ ಮೂಲೆಗೆ ಹೋಗಿ ಕೂತಿತು.

"ನೋಡಿದ್ರಾ? ಇದರ ಮುಂದೆ ಒಂದೇ ಸಮ ಗಾರೆ ಹಾಕಿ ಕಟ್ಬುಟ್ರೆ ನೀರು ನಿಂತ್ಕೊಂಡು ಪಾಯಕ್ಕೆ ಇಳೀತದೆ. ಅಲ್ಲಲ್ಲಿ ಸಂದು ಬುಡ್ಬೇಕು."

ಕಂಪನಿಯಿಂದ ಬಂದ ಹುಡುಗ ಲೇಸರಿನಲ್ಲಿ ಅಳತೆ ತೆಗೆದು, ಫೋಟೋ ಹೊಡೆದುಕೊಂಡು ಹೋಗಿದ್ದ. ಪಾಪ, ಚುರುಕಾಗಿದ್ದ. ನೀರಿನ ಮಾತೇ ಎತ್ತಲಿಲ್ಲ ಅಷ್ಟೇ.

ಆಮೇಲೆ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಹಾರೆಯ ಮೊನೆಯಿಂದ ಮಣ್ಣು ಮೀಟಿದರು. ಗರಿಕೆಯ ಒಂದು ಬಿಳೀ ಬೇರು ಹಿಡಿದು ಎಳೆಯುತ್ತಾ ಹೋದರು. ಅದು ಮುಗಿಯಲೇ ಇಲ್ಲ. ಗಿಣ್ಣು ಗಿಣ್ಣಿನಲ್ಲಿ ಚಿಗುರು. ಗರಿಕೆ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ. ನರ್ಸರಿಯಲ್ಲಿ ಬರ್ಮುಡಾ ಅಂತ ಚದರಡಿ ಲೆಕ್ಕದಲ್ಲಿ ಕೊಳ್ಳೋದೂ ಇದೇ ಜಾತಿ. ಹಾಗಾಗಿ ಆನ್‌ಲೈನಿನಲ್ಲಿ ಸಿಗುವ ಪ್ಲಾಸ್ಟಿಕ್ ಪಟ್ಟಿ ಅದಕ್ಕೆ ಲೆಕ್ಕಕ್ಕೇ ಇಲ್ಲ, ಅಡಿಯಿಂದ ನುಸುಳಿ ಆಚೆ ಏಳುತ್ತದೆ. ಮೇಸ್ತ್ರಿ ಪ್ರಕಾರ ಇಟ್ಟಿಗೆಯನ್ನು ಓರೆ ಇಡೋದು ಬೇಡ, ನೆಟ್ಟಗೆ ನಿಲ್ಲಿಸಬೇಕು. 9 ಇಂಚಿನ ಇಟ್ಟಿಗೆಯಲ್ಲಿ 7 ಇಂಚು ಒಳಗೆ, 2 ಇಂಚು ಹೊರಗೆ. ಕೆಳಗೆ ಮರಳು, ಗಿಡದ ಕಡೆ ಮಾತ್ರ ಸ್ವಲ್ಪ ಗಾರೆ. ಕೇಪಳದ ಹತ್ತಿರ ಅದೂ ಬೇಡವಂತೆ. ಸಿಮೆಂಟಿನ ಸುಣ್ಣ ಮಣ್ಣಿಗಿಳಿದರೆ ಎಲೆ ಹಳದಿ ತಿರುಗುತ್ತದೆ.

ಹಳೇ ಇಟ್ಟಿಗೆ ಒಂದನ್ನು ಕಿತ್ತು ಇನ್ನೊಂದಕ್ಕೆ ಕುಟ್ಟಿದರು. ಟಣ್ ಅಂತು. "ಇದು ಒಳ್ಳೇ ಮಾಲು. ಈಗ ಇಂಥದ್ದು ಎಲ್ಲಿ ಸಿಕ್ತದೆ? ಒಂದಿನ ನೀರಲ್ಲಿ ನೆನೆ ಹಾಕಿ ಮಡಗಿ." ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಕೊಂಡು ಬಿರುಕು ಬಿಡುತ್ತದಂತೆ. ದಪ್ ಅಂದವನ್ನು ಬೇರೆ ಇಡಿ ಅಂದರು. ಬೇರೆ ಇಟ್ಟ ರಾಶಿಯೇ ಜಾಸ್ತಿ ಆಗುತ್ತೇನೋ ಅಂತ ನನಗೆ ಭಯ.

ಗೆರೆ ಹಾಕಿದ್ದು ನೋಡೋ ಹಾಗಿತ್ತು. ಗಿಡಕ್ಕೆ ನೀರು ಬಿಡುವ ಪೈಪನ್ನೇ ನೆಲದ ಮೇಲೆ ಬಳುಕಿಸಿ ಹಾಸಿದರು. ಸ್ವಲ್ಪ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಕಾಲಲ್ಲಿ ಒಂಚೂರು ತಳ್ಳಿ, ಮತ್ತೆ ನೋಡಿ. ನನ್ನ ರಂಗೋಲಿ ಡಬ್ಬಿ ಅಲ್ಲೇ ಖಾಲಿ ಆಯಿತು.

ಅಷ್ಟರಲ್ಲಿ ಅತ್ತೆ ವಾಕರ್ ಹಿಡಿದುಕೊಂಡು ಬಾಗಿಲಿಗೆ ಬಂದರು. "ಗರಿಕೆ ಪೂರ್ತಿ ತೆಗೆಸ್ತೀಯಾ? ಆಗಸ್ಟಲ್ಲಿ ಗೌರಿ ಹಬ್ಬ, ಗಣಪತಿಗೆ ಏನು ಮಾರ್ಕೆಟ್ಟಿಂದ ತರಿಸ್ತೀಯಾ?" ನಾನು ಸುಮ್ನೆ ನಿಂತೆ. ಮೇಸ್ತ್ರಿ ಪೈಪನ್ನು ಎತ್ತಿ ತುಳಸಿ ಪಕ್ಕ ಒಂದು ಸುತ್ತು ಹಾಕಿದರು. "ಈ ಮೂಲೆ ನಿಮ್ದು ಅಜ್ಜಿ. ನೀರೂ ಇಲ್ಲೇ ಬತ್ತದೆ, ಬೇಕಾದಷ್ಟು ಬೆಳ್ಕೊಳ್ಳಿ." ಅತ್ತೆ ಒಳಗೆ ಹೋಗಿ ನನಗೆ ಹೇಳದೆ ಅವರಿಗೆ ಕಾಫಿ ಮಾಡಿಸಿದರು. ನಮಗೆ ಕಾಫಿಪುಡಿ ಮುಗಿಯುತ್ತಾ ಬಂದಿದೆ ಅನ್ನೋದು ಅವರಿಗೂ ಗೊತ್ತು.

ಸಂಜೆ ಟೆಕ್ಸಾಸಿನಿಂದ ಮಗಳ ವಿಡಿಯೋ ಕಾಲ್. ಅವಳಿಗೆ ರಂಗೋಲಿ ಗೆರೆ ತೋರಿಸಿದೆ. ಅಲ್ಲಿ ಇದಕ್ಕೆಂದೇ ಯಂತ್ರ ಇದೆಯಂತೆ. ಒಬ್ಬ ಸಿಮೆಂಟ್ ತುಂಬುತ್ತಾನೆ, ಅಂಚು ಚಕ್ಕುಲಿ ಒರಳಿನಿಂದ ಬಂದ ಹಾಗೆ ಉದ್ದಕ್ಕೂ ಬರುತ್ತಾ ಹೋಗುತ್ತದೆ. ಬೆಳಗ್ಗೆ ಶುರು, ಸಂಜೆಯೊಳಗೆ ಪೂರೈಸಿ ಹೊರಟುಹೋಗುತ್ತಾರೆ. ನಗುತ್ತಲೇ ಹೇಳುತ್ತಿದ್ದಳು. ಅದೇ ದನಿಯಲ್ಲಿ, "ಅಮ್ಮಾ, ದಸರೆಗೂ ಬರೋಕಾಗಲ್ಲ ಅನ್ಸುತ್ತೆ. ಬಂದ್ರೆ ವೀಸಾ ಸ್ಟ್ಯಾಂಪಿಂಗ್ ಆಗಿ ವಾಪಸ್ ಬರೋದು ಗ್ಯಾರಂಟಿ ಇಲ್ಲ" ಅಂದಳು. ಸರಿ ಬಿಡು, ಕೆಲಸ ನೋಡ್ಕೋ ಅಂದೆ. ಇನ್ನೇನು ಹೇಳೋದು? ಹೋದ ವರ್ಷವೂ ಅವಳ ರೂಮಿನ ಪರದೆ ಒಗೆದು ಹಾಕಿದ್ದೆ.

ಮೇಸ್ತ್ರಿ ದಿನಗೂಲಿ ಲೆಕ್ಕ ಹೇಳಿದ್ದಾರೆ, ತಾವು ಮತ್ತು ಒಬ್ಬ ಕೈಯಾಳು. ಒಟ್ಟು ಕಂಪನಿಯ ಮೊತ್ತದ ಕಾಲು ಭಾಗವೂ ಇಲ್ಲ. ಅಡ್ವಾನ್ಸ್ ಮಾತ್ರ ತಕ್ಷಣ ಬೇಕು. ಅದು ನನಗೆ ಅಷ್ಟಾಗಿ ಸರಿ ಬರಲಿಲ್ಲ, ಆದರೂ ಕೊಟ್ಟೆ. ಮೃಗಶಿರೆ ಮಳೆಯೊಳಗೆ ಮುಗಿಸಬೇಕಂತೆ. "ಆರಿದ್ರೆ ಹಿಡಿದ್ರೆ ಅಗೆದಿದ್ದೆಲ್ಲ ತುಂಬ್ಕೊಳ್ತದೆ ಕಣಮ್ಮ." ಆರಿದ್ರೆಗೆ ಇನ್ನು ಒಂದು ವಾರ. ಆಕಾಶ ನೋಡಿದರೆ ಅಷ್ಟೂ ಕಾಯೋ ಹಾಗಿಲ್ಲ.

ಇವರಿಗೆ ಎಲ್ಲ ವರದಿ ಒಪ್ಪಿಸಿದೆ. ಕೇಳಿದ್ದು ಒಂದೇ ಪ್ರಶ್ನೆ. "ಮರಳು ಅವರದ್ದೋ, ನಮ್ಮದೋ?" ಮೇಸ್ತ್ರಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ನಮ್ಮದೇ ಆದರೆ ನಾಳೆ ಭಾನುವಾರ, ಎಂ-ಸ್ಯಾಂಡ್ ಅಂಗಡಿ ಅರ್ಧ ದಿನ. ಅದೂ ಗೇಟಿನ ಹತ್ತಿರ ಸುರಿಸಿದರೆ ಇವರ ಸ್ಕೂಟರ್ ಆಚೆ ಹೋಗಲ್ಲ, ಒಳಗೆ ಸುರಿಸಿದರೆ ರಂಗೋಲಿ ಗೆರೆ ಮುಚ್ಚಿಹೋಗುತ್ತೆ, ಇನ್ನು ರಸ್ತೆಯಲ್ಲೇ ಹಾಕಿಸೋಣ ಅಂದರೆ ಎದುರು ಮನೆಯವರು ಬಿಡಲ್ಲ.