ಕ್ಯಾಟಿಕಿಸಂ ಡೈರಿ, ವಾರ 1: ಐದು ಗಂಟೆಗೆ ಬಂದವರ ಕೂಲಿ

ಶನಿವಾರ ರಾತ್ರಿ

ನಾಳೆಯಿಂದ ಒಂಬತ್ತು, ಹತ್ತನೇ ತರಗತಿ ಮಕ್ಕಳ ಕ್ಯಾಟಿಕಿಸಂ, ಅಂದರೆ ಚರ್ಚಿನ ಧರ್ಮಪಾಠ, ನನ್ನ ಪಾಲಿಗೆ. ಇಷ್ಟು ವರ್ಷ ನೋಡಿಕೊಳ್ಳುತ್ತಿದ್ದ ಸಿಸ್ಟರ್‌ಗೆ ವರ್ಗ ಆಯ್ತು. ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಫಾದರ್ ಕರೆದು, "ಹಾಡುವಾಗ ಗಂಟಲು ಹರ್ಕೊಳ್ತೀಯಲ್ಲ, ಅದೇ ಗಂಟಲು ಇಲ್ಲೂ ಸಾಕು" ಅಂದರು. ಒಪ್ಪಿಕೊಂಡೆ. ವಾರವೆಲ್ಲ ಕಾಫಿ ಖರೀದಿ ಅಂಗಡಿಯಲ್ಲಿ ಮೂಟೆ ತೂಗಿ ಲೆಕ್ಕ ಬರೆಯುವವನು ನಾನು. ಪಾಠ ಮಾಡಿ ಅಭ್ಯಾಸ ಇಲ್ಲ. ಅದಕ್ಕೇ ಪ್ರತಿ ವಾರ ಏನಾಯ್ತು ಅಂತ ಬರೆದಿಡುತ್ತೇನೆ.

ಇರುವುದು ಒಂದು ಗಂಟೆ. ಪ್ರಾರ್ಥನೆ, ಪರಿಚಯಕ್ಕೆ 10 ನಿಮಿಷ. ಕೊಡಗಿಗೆ ಕ್ರೈಸ್ತರು ಬಂದ ಕಥೆಗೆ 15. ಆಮೇಲೆ ಬೈಬಲಿನ ಮತ್ತಾಯ 20ನೇ ಅಧ್ಯಾಯದ ಸಾಮತಿ, ಅಂದರೆ ಯೇಸು ಹೇಳಿದ ನೀತಿಕಥೆ, ದ್ರಾಕ್ಷಿ ತೋಟದ ಕೂಲಿಗಳದ್ದು. ಕೊನೆಗೆ ಪ್ರಶ್ನೆ. ಚಾರ್ಟ್ ಬರೆದಿದ್ದೇನೆ, ನೀಲಿ ಸ್ಕೆಚ್ ಪೆನ್ನಲ್ಲಿ. ಅಕ್ಷರ ಚೆನ್ನಾಗೇ ಬಂದಿದೆ.

ಭಾನುವಾರ ಮಧ್ಯಾಹ್ನ

ಚಾರ್ಟ್ ಕಥೆ ಮೊದಲು ಮುಗಿಸಿಬಿಡುತ್ತೇನೆ. ಜೂನ್ ಮಳೆ. ಬೈಕಲ್ಲಿ ಹೋಗುವಷ್ಟರಲ್ಲಿ ನೀಲಿಯೆಲ್ಲ ಹರಿದು ನನ್ನ ಅಂಗಿಗೆ ಬಂತು. ಮಕ್ಕಳಿಗೆ ಬೋರ್ಡಿಗಿಂತ ನನ್ನ ಅಂಗಿಯೇ ಜಾಸ್ತಿ ಓದಲು ಸಿಕ್ಕಿತು.

ಹಾಜರಿ ಪುಸ್ತಕದಲ್ಲಿ 16 ಹೆಸರು, ಬಂದವರು 11. ಕರೆಂಟ್ ಇಲ್ಲ. ಹಾಲ್‌ಗೆ ಶೀಟಿನ ಮಾಡು. ಮಳೆ ಜೋರಾದರೆ ಮುಂದಿನ ಬೆಂಚಿನವರಿಗೂ ಏನೂ ಕೇಳಿಸುವುದಿಲ್ಲ. ಫಾದರ್ ಗಂಟಲಿನ ಮಾತು ಎತ್ತಿದ್ದು ಯಾಕೆ ಅಂತ ಆಗ ಗೊತ್ತಾಯ್ತು.

'ನಮೋ ಮರಿಯೆ' ಪ್ರಾರ್ಥನೆ ಶುರು ಮಾಡಿದೆ. ಅರ್ಧಕ್ಕೇ ದನಿಗಳು ಕರಗಿಹೋದವು. ನಮ್ಮಲ್ಲಿ ಕೊಂಕಣಿ ಮನೆಯವರಿದ್ದಾರೆ, ತಮಿಳಿನವರು, ಮಲಯಾಳಂನವರು ಇದ್ದಾರೆ. ಮನೆಯಲ್ಲಿ ಜಪಸರ ಹೇಳುವುದು ಅವರವರ ಭಾಷೆಯಲ್ಲೇ. ಸರಿ, ನಿಮಗೆ ಬಂದ ಹಾಗೆ ಹೇಳಿ ಅಂದೆ. ನಾಲ್ಕು ಭಾಷೆ ಒಟ್ಟಿಗೆ ಎದ್ದಿತು, ಒಂದೊಂದು ಒಂದೊಂದು ಕಡೆ ಮುಗಿಯಿತು. ಸಂತೆ ಥರ ಇತ್ತು. ಆದರೆ ಮಳೆಗಿಂತ ಜೋರಾಗಿತ್ತು.

ಚರಿತ್ರೆ ಐದೇ ನಿಮಿಷಕ್ಕೆ ಸೊರಗಿತು. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದಿಂದ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟದ್ದು, 1792ರಲ್ಲಿ ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚ್ ಆದದ್ದು, ಎಲ್ಲ ಹೇಳಿದೆ. ಒಬ್ಬಳು ಮಾತ್ರ ಕೇಳಿದಳು: "ಆಗ ಬಂದವರೂ ಕಾಫಿ ಕೊಯ್ಯೋಕೆ ಬಂದಿದ್ದಾ ಅಣ್ಣಾ?" ಇಲ್ಲಮ್ಮ, ಇಂಗ್ಲಿಷರು ಕೊಡಗನ್ನು ತೆಗೆದುಕೊಂಡದ್ದೇ 1834ರಲ್ಲಿ, ದೊಡ್ಡ ತೋಟಗಳೆಲ್ಲ ಆಮೇಲಿನವು ಅಂದೆ. ತೋಟದ ಮಾತು ಬಂತಲ್ಲ, ಸಾಮತಿಗೆ ಹಾರಿದೆ.

ಕಥೆ ಗೊತ್ತಿರುವುದೇ. ಯಜಮಾನ ಬೆಳಗಾಗುತ್ತಲೇ ಹೋಗಿ ಕೂಲಿಗಳನ್ನು ಕರೆತರುತ್ತಾನೆ. ದಿನಕ್ಕೊಂದು ಬೆಳ್ಳಿ ನಾಣ್ಯ ಅಂತ ಮಾತಾಗಿರುತ್ತದೆ. ಅದು ರೋಮನ್ನರ ದೆನಾರಿಯಸ್, ಆಗಿನ ಒಂದಾಳಿನ ದಿನಗೂಲಿ. ಮತ್ತೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಸಿಕ್ಕವರನ್ನು ಕರೆತರುತ್ತಾನೆ. ಬಟವಾಡೆ ಹೊತ್ತಿಗೆ ಎಲ್ಲರಿಗೂ ಒಂದೊಂದೇ ನಾಣ್ಯ.

"ಇದು ಮೋಸ" ಅಂದ ಹಿಂದಿನ ಬೆಂಚಿನವ. ಅವನ ಅಪ್ಪ ಒಂದು ತೋಟದಲ್ಲಿ ರೈಟರ್, ಲೆಕ್ಕ ಬರೆಯುವವರು. ಶನಿವಾರದ ಬಟವಾಡೆ ನೋಡಿಯೇ ಬೆಳೆದವನು. "ಕುಯ್ಲಲ್ಲಿ ಕಿಲೋ ಲೆಕ್ಕ. ಎಷ್ಟು ಕೊಯ್ದರೋ ಅಷ್ಟು. ಹೀಗೆ ಕೊಟ್ಟರೆ ಮಾರನೇ ದಿನ ಬೆಳಿಗ್ಗೆ ಯಾರು ಬರ್ತಾರೆ? ಎಲ್ಲಾ ಐದು ಗಂಟೆಗೇ ಬರ್ತಾರೆ."

ನನ್ನ ಹತ್ತಿರ ತಯಾರಿ ಮಾಡಿದ ಉತ್ತರ ಇತ್ತು. ದೇವರ ಕೃಪೆ ತೂಕ ಹಾಕಿ ಕೊಡುವಂಥದ್ದಲ್ಲ ಅಂದೆ. ತಕ್ಕಡಿ ಮುಂದೆ ಕೂತು ಸಂಬಳ ತಗೊಳ್ಳುವವನ ಬಾಯಲ್ಲಿ ಆ ಮಾತು ನನಗೇ ಸಪ್ಪೆ ಅನ್ನಿಸಿತು. ಅವನು "ಹೂಂ" ಅಂದ. ಹತ್ತನೇ ಕ್ಲಾಸಿನವರ ಆ "ಹೂಂ" ಇದೆಯಲ್ಲ, ಅದಕ್ಕಿಂತ ಎದುರು ಮಾತಾಡಿದರೇ ವಾಸಿ.

ಅಷ್ಟರಲ್ಲಿ ಕಿಟಕಿ ಪಕ್ಕ ಸುಮ್ನೆ ಕೂತಿದ್ದ ಹುಡುಗಿ ಕೇಳಿದಳು: "ಐದು ಗಂಟೆಯವರು ಬೆಳಿಗ್ಗೆಯಿಂದ ಎಲ್ಲಿದ್ದರು?" ಲೈನ್ ಮನೆಯ, ಅಂದರೆ ತೋಟದ ಕೂಲಿಯವರ ಸಾಲುಮನೆಯ ಹುಡುಗಿ. ಓದಿ ನೋಡೋಣ ಅಂದೆ. ಏಳನೇ ವಚನದಲ್ಲಿದೆ. ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಅನ್ನುತ್ತಾರೆ ಅವರು. ಆಮೇಲೆ ಅವಳೇ ಹೇಳಿದಳು. ಬೆಳಿಗ್ಗೆ ಸರ್ಕಲ್‌ಗೆ ಜೀಪು ಬರುತ್ತೆ. ಮೊದಲು ಹತ್ತಿಸಿಕೊಳ್ಳೋದು ಗಟ್ಟಿ ಇದ್ದವರನ್ನ. ಅವಳ ಅಜ್ಜಿ ಎರಡು ವರ್ಷದಿಂದ ಹೋಗಿ ನಿಲ್ಲುತ್ತಾಳೆ. ಎಷ್ಟೋ ದಿನ ಬುತ್ತಿ ಹಾಗೇ ವಾಪಸ್ ಬರುತ್ತೆ.

ಆಮೇಲಿನ ಕಾಲು ಗಂಟೆ ನಾನು ಪಾಠ ಮಾಡಲೇ ಇಲ್ಲ. ಅವರೇ ಜಗಳ ಆಡಿದರು. ಮಳೆಗಿಂತ ಜೋರಾಗಿ ಹುಡುಗರು ಕಿರುಚಿದರು, ಹುಡುಗಿಯರು ಅವರಿಗಿಂತ ಜೋರಾಗಿ ಕಿರುಚಿದರು. ರೈಟರ್ ಮಗ ಸೋಲಲಿಲ್ಲ. "ಅಜ್ಜಿಗೆ ಕೊಡಲಿ, ಬೇಡ ಅಂದೋರು ಯಾರು? ಬೆಳಿಗ್ಗೆಯಿಂದ ಬಿಸಿಲಲ್ಲಿ ಇದ್ದವರಿಗೆ ಸ್ವಲ್ಪ ಜಾಸ್ತಿ ಕೊಟ್ಟರೆ ಯಜಮಾನನ ಗಂಟು ಏನು ಹೋಗ್ತಿತ್ತು?" ಇದಕ್ಕೆ ನನ್ನ ಹತ್ತಿರ ಈಗಲೂ ಉತ್ತರ ಇಲ್ಲ.

9.50ಕ್ಕೆ ಬಾಗಿಲು ತೆರೆಯಿತು. ಒಬ್ಬ ಹುಡುಗ, ಕೊಡೆ ಮುರಿದಿದೆ, ಪ್ಯಾಂಟ್ ಮೊಣಕಾಲಿನವರೆಗೆ ಮಡಚಿದೆ, ಕಾಲಲ್ಲಿ ಜಿಗಣೆ ಕಚ್ಚಿ ರಕ್ತ. ಬಸ್ ಬರಲಿಲ್ಲವಂತೆ, ನಡೆದೇ ಬಂದಿದ್ದಾನೆ. ಇನ್ನು ಹತ್ತು ನಿಮಿಷಕ್ಕೆ ಕ್ಲಾಸ್ ಮುಗಿಯುತ್ತದೆ. ದೃಢೀಕರಣ ಸಂಸ್ಕಾರಕ್ಕೆ ಹಾಜರಿ ಮುಖ್ಯ ಅಂತ ನಾನೇ ಮೊದಲಿಗೆ ಗಂಭೀರವಾಗಿ ಹೇಳಿದ್ದೆ.

"ಇವನಿಗೆ ಪೂರ್ತಿ ಹಾಜರಿನಾ ಅಣ್ಣಾ?" ಕೇಳಿದ್ದು ಯಾರು ಅಂತ ಹೇಳಬೇಕಾಗಿಲ್ಲ ಅಲ್ವಾ.

ಹಾಕಿದೆ. ಪೆನ್ಸಿಲಲ್ಲಿ.

ಭಾನುವಾರ ರಾತ್ರಿ

ಊಟಕ್ಕೆ ಕೂತಾಗ ಅಮ್ಮನಿಗೆ ಕಥೆ ಹೇಳಿದೆ. "ಆ ಯಜಮಾನ ನಾಲ್ಕೇ ದಿನಕ್ಕೆ ತೋಟ ಮಾರ್ಕೋಬೇಕು" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಅಜ್ಜಿ ಯಾವ ಲೈನ್‌ನವರು?" ಅಂತ ಕೇಳಿದಳು.

ಮುಂದಿನ ವಾರಕ್ಕೆ ಚಾರ್ಟ್ ಬೇಡ. ಬೆಂಚು ಸುತ್ತ ಹಾಕಿ ಕೂರಿಸಬೇಕು, ಆಗ ಮಳೆಯಲ್ಲೂ ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಹೊಸ ಪಾಠ ತೆಗೆಯುವುದಿಲ್ಲ, ರೈಟರ್ ಮಗನ ಪ್ರಶ್ನೆಯಿಂದಲೇ ಶುರು. ಬಾರದ ನಾಲ್ವರ ಮನೆಗೆ ಫೋನ್ ಮಾಡಬೇಕು. ಬಸ್ಸಿಲ್ಲದ ಹುಡುಗನನ್ನು ಬೈಕಲ್ಲಿ ಕರೆತರಬಹುದು, ನನ್ನ ದಾರಿಯೇ. ಒಂದು ಟಾರ್ಚ್. ಜಿಗಣೆಗೆ ಉಪ್ಪು.